ಅಟ್ಟೆಗೆ ಹೋದ ಅರ್ಧ ಪುಟ

ಸೆಪ್ಟೆಂಬರ್ 11, 2006. ಬೆಳಿಗ್ಗೆ
ಊರಿನ ಮೈಕ್ ಏಳು ಹೊಡೆಯಿತು. ಮಾತ್ರೆ, ನೀರು ಕೊಟ್ಟೆ. ಬೆಳಿಗ್ಗೆ ಏಳು, ಸಂಜೆ ಏಳು. ಎರಡು ವರ್ಷದಿಂದ ಇದೇ. ಶ್ಯೂಚಿನ್ ಎಂದಿನಂತೆ ಮೂಗು ಮುರಿದಳು.
"ಮದುವೆಯಾಗಿ ಇಪ್ಪತ್ತೆಂಟು ವರ್ಷ ಒಂದು ಲೋಟ ನೀರು ಕೈಗೆ ಕೊಟ್ಟೋರಲ್ಲ. ಎಚ್‌ಐವಿ ಬಂದ್ಮೇಲೆ ನಂಗೆ ರಾಣಿಯೋಗ ನೋಡಿ, ಮೇಷ್ಟ್ರೇ."
ನಗುವಾಗ ಅವಳ ಕಣ್ಣು ನೋಡಿದೆ. ಹಳದಿ. ದೀಪದ ಬೆಳಕಿರಬಹುದು ಎಂದು ಅಂಗಳಕ್ಕೆ ಕರೆದೆ. ಬಿಸಿಲಲ್ಲೂ ಹಳದಿ.

ಸೆಪ್ಟೆಂಬರ್ 14
ಬಾಯ್ ಎಂಬವನ ಹತ್ತಿರ ಹೋದೆವು. ಊರಿಗೆ ಮಾತ್ರೆ ಹಂಚುವವನು. ಮೊದಲು ಹಂದಿಗಳಿಗೆ ಸೂಜಿ ಹಾಕುತ್ತಿದ್ದ. ಮೂರು ತಿಂಗಳ ತರಬೇತಿ ಕೊಟ್ಟು ಡಾಕ್ಟರ್ ಮಾಡಿದ್ದಾರೆ.
"ಮಾತ್ರೆ ಉಷ್ಣ, ಅತ್ತಿಗೆ. ಮೂಲಂಗಿ ತಿನ್ನಿ. ಆದ್ರೆ ಮಾತ್ರೆ ಬಿಡಬಾರದು."
ಲಿವರ್ ಟೆಸ್ಟ್ ಮಾಡಿಸೋಣವೇ ಎಂದೆ.
"ಪುಕ್ಕಟೆ ಇರೋದು ಎಚ್‌ಐವಿಗೆ ಮಾತ್ರ, ಮೇಷ್ಟ್ರೇ. ಲಿವರ್ ನಿಮ್ಮ ಸ್ವಂತದ್ದು."
ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಹಾಗಾದರೆ ರಕ್ತ ಯಾರ ಸ್ವಂತದ್ದಾಗಿತ್ತು? 93ರ ಚಳಿಗಾಲ. ರಕ್ತ ಕೊಳ್ಳುವವರ ಗಾಡಿ ಶಾಲೆಯ ಹಿಂದೆ ನಿಂತಿತ್ತು. ಹತ್ತು ಹನ್ನೆರಡು ಜನರ ರಕ್ತ ಒಂದೇ ಯಂತ್ರಕ್ಕೆ. ಗಿರ್ರನೆ ತಿರುಗಿಸಿ, ಮೇಲೆ ನಿಂತ ಹಳದಿ ನೀರು ತಾವಿಟ್ಟುಕೊಂಡು, ಕೆಳಗಿನ ಕೆಂಪು ಮಡ್ಡಿಯನ್ನು ಎಲ್ಲರ ತೋಳಿಗೆ ವಾಪಸ್ಸು ಬಿಟ್ಟರು. ಬಾವಿ ನೀರಿದ್ದ ಹಾಗೆ, ಸೇದಿದಷ್ಟೂ ಊರುತ್ತದೆ ಎಂದರು. ಅಧಿಕಾರಿಗಳು ಪಕ್ಕದಲ್ಲೇ ನಿಂತು ಸಿಗರೇಟು ಸೇದಿದರು. ಒಬ್ಬೊಬ್ಬರ ಮುಖವೂ ನೆನಪಿದೆ.
ಶಾಲೆಯ ಗೋಡೆಯ ಮೇಲೆ 'ಕೈ ಚಾಚು, ಮನೆ ಕಟ್ಟು' ಎಂದು ಬರೆದವನು ನಾನೇ. ಅಕ್ಷರ ಚೆನ್ನಾಗಿತ್ತಲ್ಲ.
ಮನೆಗೆ ಹೆಂಚು ಬಂದದ್ದು ಅವಳ ತೋಳಿನಿಂದ. ನನಗೆ ಸೂಜಿಯೆಂದರೆ ಭಯ. ನನ್ನ ಪಾಲನ್ನೂ ಅವಳೇ ಮಾರಿದಳು.

ಸೆಪ್ಟೆಂಬರ್ 20
ಟ್ರಂಕಿನಲ್ಲಿ ಹಳೆಯ ಪತ್ರಿಕೆಗಳನ್ನು ಹುಡುಕಿದೆ. ಸಿಕ್ಕಿತು! ಹೋದ ವರ್ಷದ ಆರೋಗ್ಯ ವಾರಪತ್ರಿಕೆ. ಈ ಮಾತ್ರೆಗಳಲ್ಲೊಂದು ಲಿವರ್‌ಗೆ ಪೆಟ್ಟು ಕೊಡಬಹುದು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಕೆಳಗಿನ ಅರ್ಧ ಪುಟ ಇಲ್ಲ. ಕತ್ತರಿಸಿದ್ದಾರೆ.
"ಇದರ ಅರ್ಧ ಎಲ್ಲಿ?"
"ನಿಮಗೆ ಹೊಲಿಯೋ ಬಟ್ಟೆ ಬೂಟಿನ ಅಟ್ಟೆಗೆ ಅಳತೆ ಕತ್ತರಿಸ್ದೆ. ಓದಿದ್ದನ್ನೇ ಎಷ್ಟು ಸಲ ಓದ್ತೀರಿ? ಕಾಲಿಗೂ ಏನಾದ್ರೂ ಬೇಡ್ವೇ?"
ಇರಲಿ. ಮುಖ್ಯವಾದದ್ದು ಮೇಲಿನ ಅರ್ಧದಲ್ಲೇ ಇದೆ. ಮಾತ್ರೆ ಬಿಡು ಎಂದೆ.
"ಬಿಡಬಾರದು ಅಂದಿದ್ದಾನಲ್ಲ ಬಾಯ್?"
"ಹಂದಿ ಡಾಕ್ಟರಿಗೆ ಪತ್ರಿಕೆ ಓದೋಕೆ ಬರುತ್ತಾ?"
ಡಬ್ಬಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. "ಸರಿ. ಓದಿದೋರು ನೀವು."

ಅಕ್ಟೋಬರ್ 8
ಮೈಕ್ ಏಳು ಹೊಡೆದಾಗ ಕೈ ತಾನಾಗಿ ಲೋಟಕ್ಕೆ ಹೋಗುತ್ತದೆ. ಅಭ್ಯಾಸ.
ಮಾತ್ರೆ ಬಿಟ್ಟ ಮೇಲೆ ಅವಳಿಗೆ ಹೊಟ್ಟೆ ತೊಳಸುವುದು ನಿಂತಿದೆ. ಎರಡು ಬಟ್ಟಲು ಶಾವಿಗೆ ಉಂಡಳು. ನಾನು ಹೇಳಿದ್ದೇ ನಿಜವಾಯಿತು. ಜಿಲ್ಲೆಯ ಆರೋಗ್ಯ ಕಚೇರಿಗೆ ಖಾರವಾಗಿಯೇ ಪತ್ರ ಬರೆದೆ. ಸಂಜೆ ಊರ ಮುಂದಿನ ಮರದ ಕೆಳಗೆ ಲೇಖನವನ್ನು ಎಲ್ಲರಿಗೂ ಓದಿ ಹೇಳಿದೆ. ನೆರೆಮನೆಯ ಗೆಂಗ್ ತನ್ನ ಹೆಂಡತಿಗೆ ಮಾತ್ರೆ ಬಿಡಿಸಿದ. ಇನ್ನೆರಡು ಮನೆಯವರೂ ಬಿಟ್ಟರು. ಸದ್ಯ, ಈ ಊರಿನಲ್ಲಿ ಓದಿದವನೊಬ್ಬನಿದ್ದಾನೆ.

ನವೆಂಬರ್ 25
ಹತ್ತು ದಿನದಿಂದ ಜ್ವರ. ಬಾಯಿ ತುಂಬ ಬಿಳಿ ಹುಣ್ಣು. ಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದೆ. ನಾಳೆ ಗೆಂಗ್‌ನ ಮೂರು ಗಾಲಿ ಗಾಡಿಯಲ್ಲಿ ಪೇಟೆ ಆಸ್ಪತ್ರೆಗೆ.
"ಈ ವಯಸ್ಸಲ್ಲಿ ಬಸುರಿ ಅಂತ ಊರೆಲ್ಲಾ ನಗ್ತಾರೆ," ಎಂದಳು. ನಗಲು ಹೋಗಿ ಕೆಮ್ಮಿದಳು.

ನವೆಂಬರ್ 29
ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ರಿಪೋರ್ಟನ್ನು ಎರಡು ಸಲ ಓದಿದರು.
"ಇವರಿಗೆ ಹೆಪಟೈಟಿಸ್ ಸಿ ಇದೆ. ಎಚ್‌ಐವಿ ಬಂದ ದಾರೀಲೇ ಇದೂ ಬಂದಿದೆ. ಹದಿಮೂರು ವರ್ಷದಿಂದ ಒಳಗೇ ಕೂತು ಲಿವರ್ ತಿಂದಿದೆ. ಯಾರೂ ಟೆಸ್ಟ್ ಮಾಡ್ಲಿಲ್ವಾ?"
ಯಾರೂ ಮಾಡಿರಲಿಲ್ಲ.
"ಲಿವರ್‌ಗೆ ಆಗದ ಮಾತ್ರೆ ತೆಗೆದು ಬೇರೆ ಕೊಡಬಹುದಿತ್ತು. ಎಲ್ಲಾ ಬಿಟ್ಟಿದ್ದೇ ತಪ್ಪಾಯ್ತು. ಈಗ ಎರಡೂ ಒಟ್ಟಿಗೆ ಎದ್ದಿವೆ. ಯಾರು ಬಿಡಿ ಅಂದಿದ್ದು?"
ಬಾಯಿ ತೆರೆದೆ. ಅಷ್ಟರಲ್ಲಿ ಶ್ಯೂಚಿನ್ —
"ಯಾರೂ ಇಲ್ಲಮ್ಮಾ. ನಂದೇ ಹಟ. ಮೇಷ್ಟ್ರು ದಿನಾ ಬೈತಿದ್ರು, ನಾನೇ ಕೇಳ್ಲಿಲ್ಲ."
ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವಾದ್ರೂ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು."
ಹೌದು ಎಂದು ತಲೆಯಾಡಿಸಿದೆ. ತಲೆಯಾಡಿಸಿದೆ ನಾನು!
ಹೊರಗೆ ಬೆಂಚಿನ ಮೇಲೆ ಕೇಳಿದೆ, ಯಾಕೆ ಹಾಗೆ ಅಂದೆ ಅಂತ.
"ಊರಲ್ಲಿ ಹೆಂಗಸಿನ ಮಾತು ಹೇಗಿದ್ರೂ ಲೆಕ್ಕಕ್ಕಿಲ್ಲ. ನಿಮ್ಮ ಮಾತಿಗಾದ್ರೂ ಬೆಲೆ ಉಳೀಲಿ. ಶಾಲು ಸರಿಯಾಗಿ ಹೊದ್ಕೊಳ್ಳಿ, ಗಾಳಿ ಬರ್ತಿದೆ."

ಡಿಸೆಂಬರ್ 19
ಮನೆಗೆ ಕಳಿಸಿದರು. ಹೊಸ ಮಾತ್ರೆ ತಡೆಯುವ ಶಕ್ತಿ ಈಗ ಲಿವರ್‌ಗಿಲ್ಲವಂತೆ. ನನ್ನ ಬಟ್ಟೆ ಬೂಟು ಇನ್ನೂ ಹೊಲಿಯುತ್ತಿದ್ದಾಳೆ. ಬೇಡ ಎಂದರೆ ಕೇಳುವುದಿಲ್ಲ. ಒಂದು ಕಾಲಿನದು ಮುಗಿದಿದೆ.

ಡಿಸೆಂಬರ್ 31
ಅವಳಿಗೆ ನನ್ನ ಗುರುತು ಸಿಗಲಿಲ್ಲ. ನನ್ನನ್ನು ಅಪ್ಪ ಎಂದು ಕರೆದಳು. ಓಗೊಟ್ಟೆ.

ಜನವರಿ 24, 2007
ಅವಳು ಹೋಗಿ ಇವತ್ತಿಗೆ ಮೂರನೆಯ ಏಳು, ಇಪ್ಪತ್ತೊಂದನೆಯ ದಿನ. ಸಮಾಧಿಯ ಬಳಿ ಅವಳಿಗೆಂದು ಕಾಗದದ ದುಡ್ಡು ಸುಟ್ಟು ಬಂದೆ. ದಕ್ಷಿಣದ ಫ್ಯಾಕ್ಟರಿಯಿಂದ ಬಂದಿದ್ದ ಮಗಳು ನಿಂಗ್ ನಾಳೆ ಹೊರಡುತ್ತಾಳೆ. "ಮಾತ್ರೆ ಬಿಡೋಕೆ ಅಮ್ಮಂಗೆ ಯಾಕಪ್ಪಾ ಅಷ್ಟು ಹಟ?" ಎಂದು ಕೇಳಿದಳು.
ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಫೆಬ್ರುವರಿ 15
ಹೊಸ ವರ್ಷದ ಹಬ್ಬಕ್ಕೆ ಮೂರು ದಿನ. ಬಾಗಿಲಿನ ಎರಡೂ ಬದಿಗೆ ಶುಭಾಶಯದ ಸಾಲು ಬರೆಸಲು ಕೆಂಪು ಕಾಗದ ಹಿಡಿದು ಎಲ್ಲರೂ ಬಂದಿದ್ದರು. ಸಾವಾದ ಮನೆಗಳಿಗೆ ಬಿಳಿ ಕಾಗದ. ಈ ವರ್ಷ ನಮ್ಮ ಬಾಗಿಲಿಗೂ.
ಕುಂಚ ಹಿಡಿದ ಕೈಗೆ ಚಳಿ. ಒಲೆಯ ಹತ್ತಿರ ಕೂರೋಣವೆಂದು ಅವಳ ಹೊಲಿಗೆಯ ಬುಟ್ಟಿ ಸರಿಸಿದೆ. ಅಳತೆಯ ಕಾಗದಗಳನ್ನು ಇಡುವ ಹಳೆಯ ಪುಸ್ತಕ ಕೆಳಗೆ ಬಿತ್ತು. ಒಳಗಿನಿಂದ ಒಂದು ಅಟ್ಟೆ ಜಾರಿತು. ನನ್ನ ಕಾಲಿನ ಅಳತೆ. ಪತ್ರಿಕೆಯ ಕಾಗದ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಕ್ಷರ:
"...ಆದರೆ ತಾವಾಗಿ ನಿಲ್ಲಿಸಬಾರದು. ರಕ್ತ ಮಾರಿದವರಲ್ಲಿ ಹೆಪಟೈಟಿಸ್ ಸಿ ಕೂಡ ಇರುವುದು ಸಾಮಾನ್ಯ. ಮೊದಲು ಅದರ ಪರೀಕ್ಷೆ ಮಾಡಿಸಿ, ವೈದ್ಯರಿಂದ ಮಾತ್ರೆ ಬದಲಿಸಿಕೊಳ್ಳ..."
ಉಳಿದದ್ದು ಅಂಚಿಗೆ ಹೋಗಿದೆ.
ಐದು ತಿಂಗಳು ಒಲೆಯ ಪಕ್ಕದಲ್ಲೇ ಇತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಫೆಬ್ರುವರಿ 17. ಮಧ್ಯಾಹ್ನ
ಗೆಂಗ್ ಬಂದಿದ್ದ.
"ಮೇಷ್ಟ್ರೇ, ನಮ್ಮನೆಯವಳ ಕಣ್ಣೂ ಹಳದಿಯಾಗಿದೆ. ಮಾತ್ರೆ ಬಿಡಿಸಿದ್ದು ಒಳ್ಳೇದೇ ಆಯ್ತಲ್ವಾ?"
"ಇವತ್ತೇ ಪೇಟೆಗೆ ಕರ್ಕೊಂಡು ಹೋಗು. ಸಿ ಟೆಸ್ಟ್ ಅಂತ ಬಾಯಿಬಿಟ್ಟು ಕೇಳು. ಬೇರೆ ಮಾತ್ರೆ ಇದೆ."
"ನಾಳೆ ಹಬ್ಬ ಇಟ್ಕೊಂಡಾ? ಆವತ್ತು ಮರದ ಕೆಳಗೆ ನೀವೇ ತಾನೇ..."
"ತಪ್ಪು ಹೇಳಿದೆ. ಆಸ್ಪತ್ರೆಯಲ್ಲೇ ಗೊತ್ತಾಯ್ತು, ಹೇಳೋಕೆ ನಾಚಿಕೆಯಾಯ್ತು."
ನಿಂತು ನೋಡಿದ. "ಮತ್ತೆ, ತಾನಾಗೇ ಬಿಟ್ಟಿದ್ದು, ನೀವು ಬೈತಿದ್ರಿ ಅಂತ ಶ್ಯೂಚಿನ್ ಅತ್ತಿಗೆ ಊರಿಗೆಲ್ಲಾ ಹೇಳಿದ್ಳಲ್ಲ, ಅದು?"
ಮೊದಲು ಹೊರಡು ಎಂದೆ. ಅವನು ಗಾಡಿ ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು. ಅಷ್ಟಾದರೂ ಆಯಿತು.
ಮಾತ್ರೆ ಬಿಟ್ಟ ಇನ್ನೂ ಎರಡು ಮನೆಗಳಿವೆ. ಸೂತಕದವನು ಹಬ್ಬದಲ್ಲಿ ಬೇರೆಯವರ ಹೊಸ್ತಿಲು ತುಳಿಯುವಂತಿಲ್ಲ. ಆದರೆ ನಾಳೆ ಬೆಳಿಗ್ಗೆ ಇಡೀ ಊರು ಬಾಗಿಲು ಬಾಗಿಲಿಗೆ ನಿಂತು ಅಂಟಿಸಿದ ಸಾಲು ಓದುತ್ತದೆ. ಓದಲು ಬಾರದವರು ಓದಿಸಿಕೊಳ್ಳುತ್ತಾರೆ.

ಸಂಜೆ 7
ಮೈಕ್ ಹೊಡೆಯಿತು. ಕೈ ಲೋಟಕ್ಕೆ ಹೋಯಿತು.
ಒಂದೇ ಬೂಟು ಹಾಕಿಕೊಂಡು ಕೂತಿದ್ದೇನೆ. ಬಲಗಡೆಯ ಬಿಳಿ ಕಾಗದ ಒಣಗಿದೆ: ಮಾತ್ರೆ ಬಿಡಬೇಡಿ, ಹೆಪಟೈಟಿಸ್ ಸಿ ಪರೀಕ್ಷೆ ಕೇಳಿ ಮಾಡಿಸಿ.
ಕಷ್ಟ ಎಡಗಡೆಯದು. ಅವಳು ಕೊನೆಗೆ ಕೊಟ್ಟುಹೋದ ಒಂದು ಸುಳ್ಳನ್ನೂ ಹರಿಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ:
ಶ್ಯೂಚಿನ್ ತಾನಾಗಿ ಬಿಡಲಿಲ್ಲ. ಬಿಡು ಎಂದವನು ಈ ಮನೆಯ...