ಹಗ್ಗ ತುಂಡಾದ ಮೇಲೆ

ಮನೆಯಿಂದ, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಎಣ್ಣೆ ಸಿಡಿದು ಕೈಮೇಲೆ ಎದ್ದಿದ್ದ ಬೊಬ್ಬೆ ಮಾಯಿತೆ? ಹಡಗಿನ ಜನಕ್ಕೆಲ್ಲ ಬೇಯಿಸಿ ಹಾಕುವವನು ತಾನು ನಿಂತುಕೊಂಡೇ ಎರಡು ತುತ್ತು ನುಂಗುತ್ತಾನೇನೋ ಎಂದು ಅಮ್ಮನಿಗೆ ಒಂದೇ ಕೊರಗು. ಕೂತು ಉಣ್ಣಪ್ಪಾ. ಅವಳ ಮಂಡಿನೋವು ಇದ್ದ ಹಾಗೇ ಇದೆ. ನಾನು ಕನ್ನಡಕದ ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಊರವರ ಕಣ್ಣಿಗೆ ಗಾಜು ಕೂರಿಸುವುದು, ನಡುನಡುವೆ ಒಳಗೆ ಹೋಗಿ ನನ್ನ ಕಣ್ಣು ಒರೆಸಿಕೊಳ್ಳುವುದು, ಹೀಗೆ ನಡೆದಿದೆ.

ಅಪ್ಪ ಹೋದ ಮೇಲೆ ನಮ್ಮ ಬಾಗಿಲು ತಟ್ಟಿದವರನ್ನು ನೀನು ನೋಡಬೇಕಿತ್ತು. ಇಡೀ ಜನ್ಮ ಕಂಡವರ ಮನೆಯ ಫ್ರಿಜ್ಜು ರಿಪೇರಿ ಮಾಡಿದ ಮನುಷ್ಯನಿಗೆ ಇಷ್ಟು ಓದುಗರಿದ್ದಾರೆಂದು ನಮಗೇ ಗೊತ್ತಿರಲಿಲ್ಲ. ಅಪ್ಪನ ಕಥೆಗಳ ವ್ಯೋಮನೌಕೆಗಳಲ್ಲಿ ಯಾವಾಗಲೂ ಕಂಪ್ರೆಸರ್ರೇ ಯಾಕೆ ಕೆಡುತ್ತದೆ ಎಂದು ನಾವಿಬ್ಬರೂ ನಗುತ್ತಿದ್ದೆವಲ್ಲ, ಆ ನೌಕೆಗಳಲ್ಲೇ ಅರ್ಧ ಆಯುಷ್ಯ ಕಳೆದವರು ಇವರು. ಒಬ್ಬ ದಂತವೈದ್ಯೆ ಅಪ್ಪನ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣೀರಿಟ್ಟಳು. "ಅದು ಪಕ್ಕದ ಮನೆಯವರದ್ದು ಕಣಮ್ಮಾ, ವಾಪಸ್ ಕೊಡ್ಬೇಕು" ಎಂದಳು ನಮ್ಮಮ್ಮ. ಅಳುತ್ತಿದ್ದವಳು ನಕ್ಕುಬಿಟ್ಟಳು. ಅಪ್ಪ ಇದ್ದಿದ್ದರೆ ಇದನ್ನೇ ಒಂದು ಅಧ್ಯಾಯ ಮಾಡುತ್ತಿದ್ದರು.

ಬಂದವರೆಲ್ಲ ಹೊರಡುವಾಗ ಕೇಳುತ್ತಿದ್ದುದು ಒಂದೇ: ಆ ಹುಡುಗಿ ಏನಾದಳು? ನಿನಗೆ ವಾರಪತ್ರಿಕೆ ಅಲ್ಲಿ ಸಿಗುವುದಿಲ್ಲ, ಹಾಗಾಗಿ ಹೇಳುತ್ತೇನೆ. ಅಪ್ಪನ ಧಾರಾವಾಹಿಯಲ್ಲಿ ಕೆಟ್ಟುನಿಂತ ನೌಕೆಯನ್ನು ಸರಿಪಡಿಸಲು ಒಬ್ಬ ಹುಡುಗಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗುತ್ತಾಳೆ. ಕೆಲಸ ಮುಗಿಯುತ್ತದೆ, ಹಗ್ಗ ತುಂಡಾಗುತ್ತದೆ. ಆ ವಾರದ ಕಂತು ಅಲ್ಲಿಗೆ ನಿಂತಿತು. ಮುಂದಿನ ವಾರ ಅಪ್ಪನೇ ಇರಲಿಲ್ಲ. ಮೇಜು, ಕಪಾಟು, ಹಾಸಿಗೆಯ ಕೆಳಗೆ, ಎಲ್ಲ ಹುಡುಕಿದೆ. ಒಂದು ಸಾಲೂ ಇಲ್ಲ. ಅವರು ಯಾವತ್ತೂ ಆಯಾ ವಾರದ್ದನ್ನು ಆಯಾ ವಾರವೇ ಬರೆಯುತ್ತಿದ್ದವರು.

ಹೋದ ವಾರ ಒಬ್ಬ ಹೆಂಗಸು ನೇರ ಅಂಗಡಿಗೇ ಬಂದಳು. ಗಂಡ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವರಂತೆ. ಈಗ ಆಸ್ಪತ್ರೆಯಲ್ಲಿದ್ದಾರೆ, ಡಾಕ್ಟರು ಕೈಚೆಲ್ಲಿದ್ದಾರೆ. "ನನ್ನನ್ನ ಏನೂ ಕೇಳಲ್ಲ ಅವ್ರು. ಆ ಹುಡುಗಿ ಮನೆ ಸೇರಿದ್ಲಾ ಅಂತ ಕೇಳ್ತಾರೆ. ನಾನು ಏನಂತ ಹೇಳ್ಲಿ? ನೀವು ಒಂದ್ಸಲ ಬನ್ನಿ" ಎಂದಳು. ನನಗೂ ಗೊತ್ತಿಲ್ಲವೆಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. ಸಂಜೆ ಹೋದೆ.

ಮೇಷ್ಟ್ರು ಎಲುಬಿನ ಗೂಡಾಗಿ ಮಲಗಿದ್ದರು. ಬೆರಳು ಮಾತ್ರ ಹೊದಿಕೆಯ ಮೇಲೆ ಏನೋ ಗೀಚುತ್ತಲೇ ಇತ್ತು. ನಾನು ಯಾರ ಮಗಳೆಂದು ತಿಳಿದ ಕೂಡಲೇ ತಲೆಯೆತ್ತಲು ನೋಡಿದರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಹೋಗಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ನೌಕೆ ತಿರುಗಿ ಬರುತ್ತದೆ, ಜೊತೆಗಾರ ಕೈಚಾಚಿ ಎಳೆದುಕೊಳ್ಳುತ್ತಾನೆ, ಹುಡುಗಿ ಊರು ಸೇರುತ್ತಾಳೆ, ನಿಲ್ದಾಣದಲ್ಲಿ ಅವಳ ತಾಯಿ ನಿಂತಿರುತ್ತಾಳೆ. ಅಪ್ಪ ನಮಗೆಲ್ಲ ಹೇಳಿದ್ದರು ಎಂದೂ ಸೇರಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ನಿಧಾನಕ್ಕೆ, "ಇಲ್ಲಮ್ಮಾ, ನಿಮ್ಮ ತಂದೆ ಯಾರನ್ನೂ ಅಷ್ಟು ಸುಲಭವಾಗಿ ಮನೆಗೆ ಕಳಿಸಿದವರಲ್ಲ" ಎಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು ಕಣೋ. ಅವರು ನನ್ನ ಕೈ ತಡಕಿ ಹಿಡಿದುಕೊಂಡರು. "ಆದ್ರೂ ಇನ್ನೊಂದ್ಸಲ ಹೇಳಿ" ಎಂದರು.

ಹೇಳಿದೆ. ಈ ಸಲ ತಾಯಿಯ ಸೀರೆಯ ಬಣ್ಣವನ್ನೂ ಹೇಳಿದೆ. ಅವರ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಮರುದಿನವೂ ಹೋದೆ, ಅದರ ಮರುದಿನವೂ. ಶುಕ್ರವಾರ ಹೋದಾಗ ಖಾಲಿ ಹಾಸಿಗೆಗೆ ಹೊಸ ಹೊದಿಕೆ ಹಾಸಿದ್ದರು.

ಇಷ್ಟನ್ನು ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಅಮ್ಮನಿಗೆ ಹೇಳುವ ಹಾಗಿಲ್ಲ. ಅವಳು ಅಪ್ಪ ಬರೆದದ್ದರಲ್ಲಿ ಹೆಸರಿಗೂ ಒಂದು ಪುಟ ಓದದವಳು, ಈಗ ಅವರ ಮೊದಲ ಪುಸ್ತಕ ಹಿಡಿದು ಕೂತಿದ್ದಾಳೆ. ಒಂದೊಂದು ಗ್ರಹದ ಹೆಸರಿಗೂ ನನ್ನನ್ನು ಕರೆಯುತ್ತಾಳೆ. ಕೇಳಬೇಕಾದವರನ್ನು ಕೇಳದೆ ಇಷ್ಟು ವರ್ಷ ಬಾಳಿದೆನಲ್ಲ ಎನ್ನುತ್ತಾಳೆ.

ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಒಲೆಯ ಹತ್ತಿರ ಹುಷಾರು.

ನಿನ್ನ ಅಕ್ಕ

ಮರೆತಿದ್ದೆ: ಅಪ್ಪ ಕೊನೆಗೆ ಏನಂದರು ಎಂದು ನೀನು ಫೋನಿನಲ್ಲಿ ಕೇಳಿದೆ, ಅಷ್ಟರಲ್ಲಿ ಲೈನು ಹೋಯಿತು. ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅವ್ನು ಈಗ ಎಲ್ಲಿದ್ದಾನೆ?" ಎಂದರು. ನಿನ್ನ ಹಡಗು ಯಾವ ನೀರಿನಲ್ಲಿತ್ತೋ ನನಗೇನು ಗೊತ್ತು. ಗುರುತಿಲ್ಲದ ಮೇಷ್ಟ್ರಿಗೆ ಅಷ್ಟೆಲ್ಲ ಕಟ್ಟಿ ಹೇಳಿದ ಈ ಬಾಯಿಗೆ ಅಪ್ಪನ ಮುಂದೆ ಒಂದು ಬಂದರಿನ ಹೆಸರೂ ಬರಲಿಲ್ಲ. "ಗೊತ್ತಿಲ್ಲಪ್ಪಾ" ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಆವತ್ತು ನೀನು ಎಲ್ಲಿದ್ದೆ? ಬೇರೇನೂ ಬರೆಯದಿದ್ದರೂ ಅಷ್ಟನ್ನು ಬರೆ.