ತುಟಿ ಓದಲು ಬಂದ ಹಾಡುಗಾರ

ಕೊಂಢವಾ, ಪುಣೆ
೧೨ ಜೂನ್ ೨೦೦೫

ಪ್ರೀತಿಯ ಪಂಕಜಾಕ್ಷಿ,

ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ಹೊಸ ಮನೆಯ ವಾಸ್ತುಶಾಂತಿಗೆ ಬಾ ಎಂದು ಅಷ್ಟು ಕಕ್ಕುಲಾತಿಯಿಂದ ಕರೆದಿದ್ದೆ. ನಾನು ಬರಲೂ ಇಲ್ಲ, ಒಂದು ಸಾಲು ಬರೆಯಲೂ ಇಲ್ಲ. ಕ್ಷಮಿಸು. ಕೆಲಸ ಹೆಚ್ಚಾಗಿತ್ತು ಎಂದರೆ ನೀನು ನಂಬುವವಳಲ್ಲ, ಆ ನೆಪ ಬೇಡ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ ಎಂದು ಬರೆದಿದ್ದೆಯಲ್ಲ, ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನ ಕಿಟಕಿಗೆ ಅಡ್ಡವಾಗಿ ಈಗ ಇನ್ನೊಂದು ಕಟ್ಟಡ ಎದ್ದಿದೆ. ಅಣ್ಣ ಸಂಸಾರ ಸಮೇತ ಸೊಲ್ಲಾಪುರಕ್ಕೆ ಹೋದ ಮೇಲೆ ನಾನು ರೊಟ್ಟಿ ಬಡಿಯುವುದನ್ನೂ ಬಿಟ್ಟಿದ್ದೇನೆ. ಒಬ್ಬಳ ಎರಡು ರೊಟ್ಟಿಗಾಗಿ ಹಂಚು ಕಾಯಿಸುವುದೇಕೆ ಎನಿಸುತ್ತದೆ.

ಪತ್ರದ ಕೊನೆಗೆ ನೀನು ಚೇಷ್ಟೆ ಮಾಡಿ, “ಅಷ್ಟು ದೊಡ್ಡ ಪುಣೆಯೊಳಗ ನಿನಗ ಒಬ್ಬನೂ ಸಿಗಲಿಲ್ಲೇನ?” ಎಂದು ಕೇಳಿದ್ದೆ. ಆ ಒಂದು ಸಾಲಿಗೆ ಉತ್ತರ ಬರೆಯಲಾಗದೆಯೇ ಇಷ್ಟು ದಿನ ಕಳೆದೆ. ಸಿಕ್ಕಿದ್ದ, ಪಂಕಜಾ.

ಕಿವಿ ಡಾಕ್ಟರರ ದವಾಖಾನೆಯಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ರೋಗಿಯನ್ನು ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಮೆಲ್ಲಗೆ ಸಪ್ಪಳ ಬಿಡುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ, ಕಣ್ಣಿನವರೆಗೆ ಟೋಪಿ ಎಳೆದುಕೊಂಡ ಒಬ್ಬ ಮನುಷ್ಯ ತಾಯಿಯ ಜೊತೆ ಬಂದ. ಚೀಟಿಯಲ್ಲಿ ಹಣಮಂತ ಎಂದು ಹೆಸರು ಬರೆಸಿದ್ದ. ನಾನು ಸಪ್ಪಳ ಬಿಡದಿದ್ದಾಗಲೂ ಗುಂಡಿ ಒತ್ತುತ್ತಿದ್ದ. ಮರಾಠಿಯಲ್ಲಿ ಗದರಿದೆ. ನನ್ನ ಉಚ್ಚಾರ ಕೇಳಿ ಅವನ ತಾಯಿಯ ಮುಖ ಅರಳಿತು.

“ಯವ್ವಾ, ನೀವು ನಮ್ಮ ಕಡಿಯವರೇನ್ರಿ?”

ಅವಳ ಹೆಸರು ಮಾನಮ್ಮ. ಮೂವತ್ತು ವರ್ಷದ ಹಿಂದೆ ಸುರಪುರದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಇದೇ ಪುಣೆಯ ಯೆರವಡಾದಲ್ಲಿ ನೆಲೆ ನಿಂತವಳು. ನಾನು ಹೆಡ್‌ಫೋನ್ ತೆಗೆದು ಮಗನ ಎದುರು ಕುಳಿತೆ.

“ಖರೇ ಹೇಳ್ರಿ. ಇಲ್ಲದ ಸಪ್ಪಳ ನಿಮಗ ಹೆಂಗ ಕೇಳಸ್ತದ?”

“ಕೇಳಸಬೇಕ್ರಿ ಮೇಡಂ,” ಎಂದ. “ಕೇಳಸ್ಲಿಲ್ಲಂದ್ರ ನಂದು ಮುಗೀತು.”

ಅವರು ಹೋದ ಮೇಲೆ, ಹೊರಗೆ ಹೆಸರು ಬರೆದುಕೊಳ್ಳುವ ಹುಡುಗಿ ಆರತಿ ಓಡಿಬಂದಳು. ಅವನು ಹಣಮಂತನೂ ಅಲ್ಲ, ಯಾರೂ ಅಲ್ಲ, ದತ್ತು. ರಾಕ್ ಬ್ಯಾಂಡಿನ ಹಾಡುಗಾರ ದತ್ತು. ಕಾಲೇಜುಗಳ ಗೋಡೆಯ ತುಂಬ ಅವನ ಪೋಸ್ಟರುಗಳು, ಹುಡುಗಿಯರ ಅಂಗೈ ಮೇಲೆ ಅವನ ಹೆಸರು. ನಾನು ಅವನ ಒಂದು ಹಾಡನ್ನೂ ಕೇಳಿರಲಿಲ್ಲ.

ಹದಿನೈದು ವರ್ಷ ದೊಡ್ಡ ಸ್ಪೀಕರುಗಳ ನಡುವೆ ನಿಂತು ಹಾಡಿ ಅವನ ಎಡಗಿವಿ ಹೋಗಿತ್ತು. ಬಲಗಿವಿ ದಿನೇ ದಿನೇ ಹೋಗುತ್ತಿತ್ತು. ಹಾಡುವುದನ್ನು ಬಿಟ್ಟು ತುಟಿ ಓದುವುದನ್ನು ಕಲಿ ಎಂದರು ಡಾಕ್ಟರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳವಾರ, ಶುಕ್ರವಾರ ಬರುತ್ತಿದ್ದ. ಮರಾಠಿಯಿಂದ ಶುರುಮಾಡೋಣವೇ ಎಂದು ಕೇಳಿದರೆ, “ಮೊದಲ ಅವ್ವನ ಮಾತು ತಿಳೀಲ್ರಿ. ಮಂದೀ ಮಾತು ಆಮ್ಯಾಲ” ಎಂದ.

ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಒಂದು ದಿನ ನಾನು ದನಿಯಿಲ್ಲದೆ “ಮಳಿ ಬಂತು” ಎಂದೆ. ಅವನು ನನ್ನ ಬರಿಗೈ ನೋಡಿ, “ಬಳಿ ಬಂದ್ವು? ಎಲ್ಲಿ ಅದಾವ್ರಿ?” ಎಂದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮುಂದಿನ ಮಂಗಳವಾರ ತುಳಶೀಬಾಗ್ ಪೇಟೆಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದಿದ್ದ. “ನಾ ಹೇಳಿದ್ದು ತಪ್ಪಾಗಬಾರದಲ್ರಿ, ಅದಕ್ಕ ತಂದೆ.” ನನಗಾಗ ಮೂವತ್ತೇಳು, ಅವನಿಗೆ ಮೂವತ್ತೆರಡು. ಬೇಡವೆನ್ನುವ ವಯಸ್ಸು ನನ್ನದು; ಬೇಡವೆನ್ನಲಿಲ್ಲ. ಆವತ್ತು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದೆ, ಬಳೆ ಸದ್ದಾಗಲಿ ಎಂದು.

ಮರುವರ್ಷ ಫೆಬ್ರವರಿಯಲ್ಲಿ ಅವನ ಕೊನೆಯ ಕಾರ್ಯಕ್ರಮ. ಒಂದು ತಿಂಗಳು ಮೊದಲೇ ನನ್ನ ಕೈಗೆ ತನ್ನ ಹಾಡುಗಳ ಕ್ಯಾಸೆಟ್ ಕೊಟ್ಟ.

“ಡ್ರಮ್ಮು ನನಗ ಕೇಳಸಂಗಿಲ್ರಿ. ನೀವು ಸ್ಟೇಜಿನ ಬಾಜೂಕ ನಿಂತು ಕೈಲೆ ತಾಳ ಹಾಕ್ತೀರೇನ್ರಿ? ನಿಮ್ಮನ್ನ ನೋಡಿ ಹಾಡ್ತೀನಿ.”

“ನನಗೇನು ತಿಳೀತದ ನಿಮ್ಮ ಹಾಡು?”

“ಕಲೀರಿ. ನಾ ಕಲೀಲಿಲ್ಲೇನ?”

ನಾನು ಕಲಿತೆ, ಪಂಕಜಾ! ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಆ ಕಿರುಚಾಟವನ್ನೇ ಕೇಳಿದೆ. ಕೇಳುತ್ತ ಕೇಳುತ್ತ ಕಿರುಚಾಟದ ಒಳಗೆ ಒಂದು ನೋವಿದೆ ಎಂದು ತಿಳಿಯಿತು. ಆ ಸಂಜೆ ಮೈದಾನದ ತುಂಬ ಹುಡುಗ ಹುಡುಗಿಯರು. ಅವರ ನಡುವೆ ಇಳಕಲ್ ಸೀರೆ ಉಟ್ಟವಳು ನಾನೊಬ್ಬಳೇ. ಸ್ಪೀಕರಿನ ಸದ್ದಿಗೆ ಎದೆ ನಡುಗುತ್ತಿತ್ತು. ಮೂರನೆಯ ಹಾಡಿನಲ್ಲಿ ಅವನು ತಾಳ ತಪ್ಪಿದ. ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎರಡು ಹೆಜ್ಜೆ ಬೆಳಕಿಗೆ ಬಂದು, ಕೈಯೆತ್ತಿ ಜೋರಾಗಿ ಚಪ್ಪಾಳೆ ತಟ್ಟಿದೆ. ಅವನು ನನ್ನನ್ನು ನೋಡಿದ, ತಾಳಕ್ಕೆ ಬಂದ. ಅಷ್ಟು ಸಾವಿರ ಜನ ಅವನನ್ನು ನೋಡುತ್ತಿದ್ದರು, ಅವನು ನನ್ನೊಬ್ಬಳನ್ನು ನೋಡುತ್ತಿದ್ದ. ಬದುಕಿನಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಶುಕ್ರವಾರ ಪಾಠಕ್ಕೆ ಬಂದ. ಪಾಠ ಮುಗಿದ ಮೇಲೂ ಏಳಲಿಲ್ಲ.

“ಕಿವಿ ಹೋದ ಮ್ಯಾಲ ಇನ್ನೇನು ಬ್ಯಾಡ ಅನ್ಕೊಂಡಿದ್ದೆ. ಈಗ ನೀವು ಬೇಕಾಗೀರಿ. ನನ್ನ ಮದಿವಿ ಆಗ್ತೀರೇನ್ರಿ?”

ನಾನು ಉತ್ತರ ಕೊಡಲಿಲ್ಲ. ಏನೇನೋ ಯೋಚನೆ. ಇವನಿಗೆ ಬೇಕಾದದ್ದು ನಾನೋ, ಅಥವಾ ಮಾತು ತಿಳಿಯುವ ಒಂದು ಮುಖವೋ? ನಾಳೆ ಇನ್ನೂ ನಾಲ್ಕು ಮುಖಗಳನ್ನು ಓದಲು ಬಂದ ಮೇಲೆ ಈ ಮುಖ ಮುದಿಯಾಗಿ ಕಂಡರೆ? ಪೇಪರಿನವರು ನಕ್ಕರೆ, ಅತ್ತಿಗೆ ನಕ್ಕರೆ? ಅವನು ಸ್ವಲ್ಪ ಹೊತ್ತು ಕಾದ, ಎದ್ದು ಹೋದ. ಮತ್ತೆ ಬರಲಿಲ್ಲ. ಎಷ್ಟೋ ತಿಂಗಳು ಮಂಗಳವಾರದ ಆ ಹೊತ್ತಿಗೆ ಬೇರೆ ಯಾರ ಹೆಸರನ್ನೂ ಬರೆಯಬೇಡ ಎಂದು ಆರತಿಗೆ ಹೇಳಿದ್ದೆ. ಆ ಹೊತ್ತು ಖಾಲಿ ಕುರ್ಚಿಯೆದುರು ಕುಳಿತಿರುತ್ತಿದ್ದೆ. ಯೆರವಡಾ ಎಷ್ಟು ದೂರ? ಒಂದು ಬಸ್ಸು. ಹೋಗಲಿಲ್ಲ.

ಕಳೆದ ತಿಂಗಳು ಮಾನಮ್ಮ ಲಗ್ನಪತ್ರಿಕೆ ಹಿಡಿದು ಬಂದಳು. ದತ್ತು ಪುಣೆ ಜಿಲ್ಲೆಯ ಶಿರೂರಿನಲ್ಲಿ ಗಿಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನಂತೆ. ಕಟ್ಟಿಗೆಯ ಮೇಲೆ ಅಂಗೈ ಇಟ್ಟು, ನಡುಕ ನೋಡಿ ತಂತಿ ಬಿಗಿಯುತ್ತಾನಂತೆ. ಹುಡುಗಿ ಅದೇ ಊರಿನವಳು, ಮಾಯಾ. ಮಾನಮ್ಮ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

“ನೀವೇ ನಮ್ಮ ಮನಿಗಿ ಬರ್ತೀರಂತ ಭಾಳ ಆಸೆ ಇಟ್ಕೊಂಡಿದ್ದೆ. ಬಾಯಿ ತೆರದು ಒಂದು ಮಾತು ಅಂದಿದ್ರ ಆಗ್ತಿತ್ತಲ್ಲವ್ವಾ.”

ಹೋದ ಭಾನುವಾರ ಮದುವೆ ಆಯಿತು. ನಾನು ಹೋಗಲಿಲ್ಲ. ಕ್ಯಾಸೆಟ್ ಹಾಕಿಕೊಂಡು ಕುಳಿತಿದ್ದೆ. ಪಕ್ಕದ ಮನೆಯವರು ಸದ್ದು ಕಡಿಮೆ ಮಾಡಿ ಎಂದು ಹೇಳಿ ಹೋದರು.

ಇದನ್ನು ಅಲ್ಲಿ ಯಾರಿಗೂ ಹೇಳಬೇಡ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳು ಹೊಸ ಮನೆಯಲ್ಲಿ ಆರೋಗ್ಯವಾಗಿ ಬೆಳೆಯಲಿ, ನಿನ್ನ ಒಲೆ ಸದಾ ಹತ್ತು ಜನಕ್ಕೆ ಉರಿಯುತ್ತಿರಲಿ. ದೀಪಾವಳಿಗೆ ಬರಲು ಪ್ರಯತ್ನಿಸುತ್ತೇನೆ.

ನಿನ್ನ
ಪ್ರಫುಲ್ಲಾ

ತಾ.ಕ.: ಉತ್ತರ ಕೊಡಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಕೊಟ್ಟಿದ್ದೆ. ಅವನು ಕೇಳಿದ ಕೂಡಲೇ ಕಿಟಕಿಯ ಕಡೆ ತಿರುಗಿ “ಆಗ್ತೀನಿ” ಎಂದೆ. ಗಟ್ಟಿಯಾಗಿಯೇ ಅಂದೆ. ಹೊರಗಿದ್ದ ಆರತಿ ತನ್ನನ್ನೇ ಕರೆದೆನೆಂದುಕೊಂಡು ಇಣುಕಿ ನೋಡಿದಳು. ಮುಖ ಕಾಣದೆ ಅವನಿಗೆ ಏನೂ ತಿಳಿಯದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು, ಪಂಕಜಾ? ತಿರುಗಿ ನೋಡಿದಾಗ ಅವನಿನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದ. ಇನ್ನೊಮ್ಮೆ ಹೇಳಬೇಕಿತ್ತು, ಅಷ್ಟೇ. ನಾನು ಹೇಳಲಿಲ್ಲ.