ಹಾರ್ಮೋನಿಯಂ ಹೊತ್ತ ದಿನ

ಅಪ್ಪಾ,

ನೀವು ಹೋದಮೇಲೆ ಶಾಲೆಯ ಸಂಗೀತ ತರಗತಿ ನನ್ನ ಹೆಗಲಿಗೇ ಬಿತ್ತು. ಇವತ್ತು ಅಚ್ಚು ಹಾಕಿಸಿದ ಮನವಿಪತ್ರ ಹಿಡಿದು, ಹಾರ್ಮೋನಿಯಂ ದುರಸ್ತಿಗೆ, ಗವಸಿಗೆ ನೆರವು ಕೇಳುತ್ತ ಅಂಗಡಿ ಅಂಗಡಿ ಅಲೆದೆ. ಎಲ್ಲರೂ "ನೋಡೋಣ" ಎಂದು ಸಾಗಹಾಕಿದರು. ಕೊನೆಗೆ ಟೈಲರ್ ಕನ್ನಡಕ ಏರಿಸಿ, "ಪೆಟ್ಟಿಗೆ ಎಲ್ಲಿ, ಅಮ್ಮಾ? ನಿಮ್ಮಪ್ಪ ಹೊತ್ಕೊಂಡೇ ಬರ್ತಿದ್ರು. ಕಣ್ಣಾರೆ ನೋಡಿದ್ಮೇಲೆ ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಈ ಕಾಗದಕ್ಕೆ ನಾನೇನು ಹೊಲಿದುಕೊಡ್ಲಿ?" ಎಂದರು.

ವಾಪಸು ಶಾಲೆಗೆ ಹೋಗಿ ಹಾರ್ಮೋನಿಯಂ ಹೊತ್ತು ತಂದೆ. ಟೈಲರ್ ಗವಸಿಗೆ ಅಳತೆ ತೆಗೆದರು. ಪಕ್ಕದ ಬಡಗಿ ಕರೆಯದಿದ್ದರೂ ಬಂದು ಸಡಿಲವಾಗಿದ್ದ ಮುಚ್ಚಳ ಬಿಗಿಮಾಡಿದರು. ನನ್ನ ತೋಳು ಇನ್ನೂ ನೋಯುತ್ತಿದೆ.

ನೀವು ಹೀಗೆ ಹೊತ್ತು ಹೋಗುವಾಗ, ಗೆಳತಿಯರು ನೋಡಿಯಾರೆಂದು ನಾನು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೆ.

ಆ ಪೆಟ್ಟಿಗೆಗೆ ಎರಡೂ ಕಡೆ ಒಂದೊಂದು ಹಿಡಿಕೆ ಇದೆ, ಅಪ್ಪಾ.